ಎಳೆಪಾಕ

ಒಣಗಿದ್ದಾಗ ನಾನೂರು ಮಿಲಿಗ್ರಾಂ.
ಉಪ್ಪುನೀರಲ್ಲಿ, ಮೈಯಷ್ಟೇ ಬಿಸಿಯಲ್ಲಿ
ಏಳು ಹಗಲು ಏಳು ರಾತ್ರಿ ಮಲಗೆದ್ದ ಮೇಲೆ
ನಾನೂರ ಐವತ್ತೆರಡು.
ಸೋಸುಕಾಗದದಿಂದ ಮೈಯೊರೆಸಿ
ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ
ಉಸಿರು ಬಿಗಿಹಿಡಿದು ಬರೆದುಕೊಂಡೆ:
ನೂರಕ್ಕೆ ಹದಿಮೂರು ಪಾಲು ಕುಡಿದಿದೆ.

ಹೊರಗೆ ಕುಕ್ಕರಹಳ್ಳಿ ಕೆರೆಯ ಒಣಕೊಂಬೆಯಲ್ಲಿ
ನೀರುಕಾಗೆಯೊಂದು ರೆಕ್ಕೆ ಹರವಿ ನಿಂತಿದೆ.
ಅದರ ಗರಿಯೂ ನೀರು ಕುಡಿಯುತ್ತದಂತೆ.
ಅದಕ್ಕೇ ಮುಳುಗಬಲ್ಲದು, ಅದಕ್ಕೇ ಒಣಗಬೇಕು.
ಇದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ.

ಪಾಲಿಯುರೆಥೇನ್ ಅಂದರೆ ಊರಲ್ಲಿ ಯಾರಿಗೂ ನಾಲಗೆ ಹೊರಳದು.
ಹರಳೆಣ್ಣೆಯಿಂದ ಮಾಡಿದ್ದು ಅಂದೆ,
ಚಿಕ್ಕಮರಿಯಪ್ಪಣ್ಣ ಒಂದೇ ಸಲಕ್ಕೆ ತಲೆಯಾಡಿಸಿದ.
ಪಾಂಡವಪುರದಾಚೆಯ ಆಲೆಮನೆಯಲ್ಲಿ
ಮೂವತ್ತು ವರ್ಷ ಕೊಪ್ಪರಿಗೆ ಕಾದವನು,
ಕಬ್ಬಿನ ಹಾಲು ಉಕ್ಕಿ ಬಂದಾಗ
ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟು
ನೊರೆಯನ್ನು ಕೂರಿಸುವವನು.

ನನಗೂ ನೊರೆಯದೇ ಭಯ.
ಅಚ್ಚಿಗೆ ಎರೆಯುವ ಹೊತ್ತಲ್ಲಿ
ಗಾಳಿಯ ಪಸೆ ಸೋಕಿದರೂ ಸಾಕು, ಗುಳ್ಳೆ.
ಆಷಾಢದಲ್ಲಿ ಯಾರೋ ಕಿಟಕಿ ತೆರೆದಿಟ್ಟು
ಮೂರು ಹಾಳೆ ದೋಸೆಯಂತೆ ತೂತುಬಿದ್ದವು.
ಹುಟ್ಟುವಾಗ ಹನಿ ಕೂಡದು,
ಹುಟ್ಟಿದ ಮೇಲೆ ನೀರಲ್ಲೇ ಬಾಳು.
ಗಾಯಕ್ಕೆ ಹೊದಿಸಬೇಕಾದ ತೊಗಲಿಗೆ ಇದೆಂಥ ಜಾತಕ!

ಹೋದ ಹಂಗಾಮಿನಲ್ಲಿ ಪಾಕ ಸಿಡಿದು
ಅವನ ಬಲಗೈ ಮೊಣಕೈವರೆಗೆ ಸುಲಿದಿತ್ತು.
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗಲೆಲ್ಲ
ಆಗಷ್ಟೇ ಕೂಡುತ್ತಿದ್ದ ಚರ್ಮವೂ ಬಟ್ಟೆಗೆ ಅಂಟಿ ಬರುತ್ತಿತ್ತು.
ಅವನು ಕೂಗಲಿಲ್ಲ. ಫ್ಯಾನು ಎಣಿಸುತ್ತಿದ್ದ:
ಮೂರು, ಅದರಲ್ಲೊಂದು ತಿರುಗದ್ದು.
ಉಪ್ಪುನೀರಿನ ಬಟ್ಟಲು ನನ್ನ ಕೈಯಲ್ಲಿತ್ತು.

ಎಳೆಯುವ ಯಂತ್ರದ ಎರಡು ಹಿಡಿಗಳ ನಡುವೆ
ಒಣ ತುಂಡು ಒಂಬತ್ತು ಮೆಗಾಪಾಸ್ಕಲ್ ತಾಳಿ ಟಪ್ಪೆಂದಿತು.
ನೆನೆದದ್ದು ಐದೂವರೆಗೇ ಸೋತಿತು,
ಆದರೆ ಸೋಲುವ ಮುಂಚೆ
ತನ್ನ ಎರಡರಷ್ಟು ಉದ್ದ ಬೆಳೆದು,
ನಡು ಸಣ್ಣಗಾಗಿ, ಬೆಳಕು ತೂರುವಷ್ಟು ತೆಳ್ಳಗಾಗಿ...
"ಬಲ ಸಾಲದು" ಅಂದರು ಗೈಡು, ಗೆರೆಯನ್ನಷ್ಟೇ ನೋಡಿ.

ಏಳನೇ ಹಾಳೆಯ ಚೂರೊಂದನ್ನು
ಡಬ್ಬಿಯಲ್ಲಿಟ್ಟು ಊರಿಗೊಯ್ದೆ.
ಗಾಯಕ್ಕಲ್ಲ, ತೋರಿಸಲಿಕ್ಕೆ.
ಅವನು ಚೊಂಬಿನ ನೀರಲ್ಲಿ ಅದ್ದಿ
ಗುಲಾಬಿ ಕಲೆಯ ಕೈಯ ಎರಡು ಬೆರಳಲ್ಲಿ
ಪಾಕ ನೋಡುವಂತೆ ಎಳೆದ, ಬಿಟ್ಟ,
ಮತ್ತೆ ಎಳೆದು ಕಿವಿಯ ಹತ್ತಿರ ಹಿಡಿದ.
"ಇನ್ನೊಂದ್ ಕುದಿ ಬೇಕಾಗಿತ್ತು ಕಣವ್ವಾ.
ಒಂದೇಯ. ಜಾಸ್ತಿ ಬೇಯಿಸ್ಬ್ಯಾಡ,
ಕಲ್ಲಾಯ್ತದೆ, ಮೈಗೆ ಒಗ್ಗಾಕಿಲ್ಲ."

ಬೆಸುಗೆಯ ಪಾಲು ಚೂರು ಏರಿಸಿ
ಒಲೆಯಲ್ಲಿ ಆರು ಗಂಟೆ ಹೆಚ್ಚು ಇಟ್ಟೆ.
ಎಂಟನೆಯದು ನಿನ್ನೆ ನೀರಿಗಿಳಿದಿದೆ.
ಪುಸ್ತಕದಲ್ಲಿ ತೂಕದ ಕಲಂ ಖಾಲಿ, ಬಲದ ಕಲಂ ಖಾಲಿ.
ಷರಾ ಎಂಬಲ್ಲಿ ಮಾತ್ರ ಪೆನ್ಸಿಲ್ಲಿನಲ್ಲಿ,
ಗೈಡು ಕೇಳಿದರೆ ಅಳಿಸಿಬಿಡಬಹುದಾದಷ್ಟು ಹಗುರಾಗಿ:
ಒಂದು ಕುದಿ.