ನಲವತ್ತು ಲೀಟರು

ಇಳಿಜಾರಿನ ಬುಡದಲ್ಲಿ ನೀರಿನ ಗೂಡಂಗಡಿ.
ಅಲ್ಲಿಂದ ಮೇಲಕ್ಕೆ, ಜಾರುಬಂಡಿಗೆ ಬಿಗಿದು,
ಎರಡು ಕ್ಯಾನು ಎಳೆದು ತಂದೆ.
ಮುಚ್ಚಳದಿಂದ ತುಳುಕಿದ್ದು ದಾರಿಯಲ್ಲೇ ಗಾಜಾಯಿತು.
ಉಲಾನ್‌ಬಾತರಿನ ಈ ಗುಡ್ಡದ ಮೇಲೆ
ನೀರಿಗೆ ತೂಕವಿದೆ, ಬೆಲೆಯಿದೆ,
ಇವತ್ತು ಒಂದು ಹೆಸರೂ ಇದೆ:
ಎನೆರೆಲ್‌ಳ ಸ್ನಾನ.

ಬ್ರೆಡ್ಡಿನ ಕಾರ್ಖಾನೆಯ ರಾತ್ರಿ ಪಾಳಿಗೆ ಹೊರಟ ಸೊಲೊಂಗೊ
ಬಾಗಿಲಲ್ಲಿ ತಿರುಗಿ ನಿಂತು ಹೇಳಿದ್ದು ಇಷ್ಟೇ:
‘ಮೊದಲು ತಣ್ಣೀರು. ಆಮೇಲೆ ಬಿಸಿ.
ನಿನ್ನ ಅಂಗೈಯನ್ನು ಮಾತ್ರ ನಂಬಬೇಡ.’

ಸರಿಯೇ. ಹದಿನಾರು ವರ್ಷ ವೆಲ್ಡಿಂಗ್ ಮಾಡಿದ ಕೈ.
ಕೆಂಪಗೆ ಕಾದ ಸಲಾಕೆಯನ್ನೂ
ತುಸು ತಡವಾಗಿಯೇ ಗುರುತು ಹಿಡಿಯುತ್ತದೆ.
ಹಾಗಾಗಿ ತೋಳು ಮಡಿಚಿ
ಮೊಣಕೈಯನ್ನು ನೀರಿಗಿಳಿಸಿ ಕೇಳಿದೆ.
ಅದು ಅಂದಿತು: ಇನ್ನೊಂದು ಚೊಂಬು ತಣ್ಣೀರು.
ಸುರಿದೆ. ಕಲಕಿದೆ. ಮತ್ತೆ ಕೇಳಿದೆ.
ಈ ಸಲ ಏನೂ ಅನ್ನಲಿಲ್ಲ.
ಸುಡುತ್ತಿಲ್ಲ, ಕೊರೆಯುತ್ತಿಲ್ಲ,
ನೀರಿದೆಯೆಂಬುದೇ ಮರೆತುಹೋಗುವಷ್ಟು.
ಹದವೆಂದರೆ ಇದೇ ಇರಬೇಕು.

ಒಲೆಯಿಂದ ಒಂದು ಮಾರು ದೂರಕ್ಕೆ ನೀಲಿ ಬೇಸಿನ್ನು.
ಅರ್ಧ ಗೇಣು ನೀರು, ಅಷ್ಟೇ.
ಟವೆಲು ಹಾಸಿದೆ, ಒಣ ಅಂಗಿಯ ಗುಂಡಿ ಬಿಚ್ಚಿಟ್ಟೆ,
ಕೈಗೆಟುಕದ್ದು ಯಾವುದೂ ಉಳಿದಿಲ್ಲವೆಂದು
ಎರಡೆರಡು ಸಲ ನೋಡಿಕೊಂಡೆ,
ಎತ್ತರದ ಕಬ್ಬಿಣದ ತೊಲೆ ಹತ್ತುವ ಮುನ್ನ
ಸೊಂಟದ ಕೊಕ್ಕೆ ಎಳೆದು ನೋಡುವ ಹಾಗೆ.

ಎಡಗೈ ಅವಳ ಕತ್ತಿನಡಿಗೆ,
ಬೆರಳು ಆಚೆಯ ಕಂಕುಳನ್ನು ಸುತ್ತಿ.
ಮೊದಲು ಹಿಮ್ಮಡಿ, ಆಮೇಲೆ ಕುಂಡೆ, ಆಮೇಲೆ ಬೆನ್ನು.
ಬೆಚ್ಚಿಬಿದ್ದು ಎರಡೂ ಕೈ ಚಾಚಿದಳು
ಆಕಾಶದಿಂದ ಜಾರಿದವಳ ಹಾಗೆ.
ಎದೆಯ ಮೇಲೊಂದು ಒದ್ದೆ ಬಟ್ಟೆ ಹೊದಿಸಿದೆ.
ತೆಳ್ಳನೆಯ ಆ ಭಾರವೇ ಸಾಕಾಯಿತು.
ಮುಷ್ಟಿ ಬಿಚ್ಚಿಕೊಂಡಿತು.

ಕಣ್ಣಿಗೆ ಬರೀ ನೀರು.
ಕತ್ತಿನ ಮಡಿಕೆಯಲ್ಲಿ ಹುಳಿತ ಹಾಲಿನ ವಾಸನೆ.
ಬೆರಳ ಸಂದಿಯಲ್ಲಿ ಕಂಬಳಿಯ ಒಂದೆಳೆ ಉಣ್ಣೆ.
ನಾಲ್ಕು ತಿಂಗಳಿಂದ ಇಷ್ಟು ಬಿಗಿಯಾಗಿ
ಯಾವ ಕುರಿಯನ್ನು ಹಿಡಿದುಕೊಂಡಿದ್ದೆ, ಮಗಳೇ?

ಆಗ ಅವಳಿಗೆ ತಿಳಿದುಹೋಯಿತು,
ಒದ್ದರೆ ನೀರು ಮಾತಾಡುತ್ತದೆ!
ಇನ್ನೊಮ್ಮೆ ಒದ್ದಳು. ಹೌದು, ಮಾತಾಡುತ್ತದೆ!
ನನ್ನ ಮೀಸೆ ತೊಯ್ದಿತು, ಉಪ್ಪುಚಹಾದ ಬಟ್ಟಲು ತೊಯ್ದಿತು,
ಹಲ್ಲಿಲ್ಲದ ಬಾಯಿ ಗುಡಾರದಗಲ ತೆರೆದಿತ್ತು.

ನಾಯಿ ಬೊಗಳಿತು. ಬಾಗಿಲು ದಬದಬ.
‘ಬ್ಯಾಂಬಾಜಾವ್! ಕಲ್ಲಿದ್ದಲು ಬಂದಿದೆ.
ಬಾ, ಒಂದು ನಿಮಿಷದ ಕೆಲಸ.’

ಒಂದು ನಿಮಿಷ.
ಅರ್ಧ ಗೇಣು.
ಈ ಎರಡನ್ನು ಕೂಡಿಸಿದರೆ ಎಷ್ಟಾಗುತ್ತದೆಂದು
ನನಗೆ ಕೂಡಿಸಲು ಮನಸ್ಸಿಲ್ಲ.
‘ಬೇಲಿಯ ಹೊರಗೇ ಬಿಸಾಕು,’ ಕೂಗಿದೆ,
‘ಇಲ್ಲವಾದರೆ ವಾಪಸು ಒಯ್ಯಿ!
ನನ್ನ ಕೈಯಲ್ಲಿ ಮೀನಿದೆ!’
ಈ ಚಳಿಯಲ್ಲಿ ಯಾವ ಮೀನು ಎಂದು
ಆತ ಹೊರಗೆ ಗೊಣಗುವುದು ಕೇಳಿಸಿತು.

ಎತ್ತಿಕೊಂಡೆ. ಜಾರುವ ಬೆಳಕಿನಂಥ ಕೂಸು.
ಟವೆಲಿನಲ್ಲಿ ಸುತ್ತಿ, ನೆತ್ತಿ ಮೂಸಿ,
ಚೆಂದವೆಂದರೆ ದೃಷ್ಟಿ ತಾಗೀತೆಂದು
‘ಎಂಥ ಕುರೂಪಿಯಪ್ಪಾ ಇದು!’ ಅಂದೆ ಜೋರಾಗಿ,
ಕೇಳುವವರು ಕೇಳಿಕೊಳ್ಳಲಿ.
ಅಷ್ಟರಲ್ಲಿ ಒಣ ಟವೆಲು ದಾಟಿ, ನನ್ನ ಅಂಗೈಗೆ,
ಚಿಮ್ಮಿದ ಉಚ್ಚೆ.

ಬೆಚ್ಚಗಿದೆ, ಅಂದಿತು ಅಂಗೈ.
ನಾನು ನಂಬಿದೆ.

ಆ ನೀರಲ್ಲೇ ಅವಳ ಅಂಗಿಗಳನ್ನು ಒಗೆದೆ,
ಉಳಿದದ್ದರಲ್ಲಿ ನನ್ನ ಕಾಲುಚೀಲ.

ನಸುಕಿಗೆ ಸೊಲೊಂಗೊ ಬಂದಳು, ಕೋಟಿನ ತುಂಬ ಹಿಟ್ಟಿನ ಪರಿಮಳ.
ಕೈ ಒಲೆಗೊಡ್ಡಿ ಕಾಯಿಸಿಕೊಂಡು,
ಮಲಗಿದ ಮಗುವಿನ ನೆತ್ತಿ ಮೂಸಿದಳು, ಕತ್ತು ಮೂಸಿದಳು,
ಬಹಳ ಹೊತ್ತು.

‘ಕಿವಿಯ ಹಿಂದೆ ಮರೆತಿದ್ದೀಯ,’ ಅಂದಳು.