ನಾಲ್ಕು ಮಂದಿ

ನಾಲ್ಕು ಮಂದಿ ಏನಂತಾರ?
ನಮ್ಮವ್ವನ ಬಾಯಾಗಿನ ಮಾತು ಇದು,
ಅವಳವ್ವನಿಂದ ಬಂದದ್ದು,
ಹಿತ್ತಾಳಿ ಕೊಡದಾಂಗ, ನೆಗ್ಗಿದರೂ ಯಾರೂ ಒಗೀಲಾರದ್ದು.
ನಾನೂ ಅದನ್ನ ನನ್ನ ಮಗಳಿಗೆ ಕೊಟ್ಟೆ.
ಲಂಗದ ಅಂಚಿಗೆ, ನಗೋ ಸದ್ದಿಗೆ,
ಬೀದರಿಗೆ ನರ್ಸಿಂಗ್ ಕಲಿಯಲಾಕ ಹೋಗೋವಾಗ
ರೊಟ್ಟಿ ಗಂಟಿನ ಜೋಡಿ ಅದನ್ನೂ ಕಟ್ಟಿ ಕೊಟ್ಟೆ.

ಆಕಿ ಹೊಳ್ಳಿ ಬಂದದ್ದು ಸಂಜಿ ಗಾಡಿಗೆ.
ಭಾಲ್ಕಿ ಸ್ಟೇಷನ್ನಿನಾಗ ಇಳಿದಾಗ
ಚಾದರ ಹೊದ್ದಿದ್ದಳು. ಬ್ಯಾಸಗಿ ಇತ್ತು.
ನಾ ಏನೂ ಕೇಳಲಿಲ್ಲ.
ಚಾದರ ನೋಡಿದೆ, ಬಿಸಿಲು ನೋಡಿದೆ,
ಸುತ್ತ ಯಾರು ನೋಡ್ಲತ್ತಾರ ಅಂತ ನೋಡಿದೆ.
ಮಗಳ ಮಾರಿ ಕಡೀಗೆ ನೋಡಿದೆ.
ಕರ್ತನೇ, ಉಳಿದದ್ದಕ್ಕಲ್ಲ,
ಇದೊಂದಕ್ಕ ನಾ ಅತ್ತದ್ದು.

ಕೂಸು ಹುಟ್ಟಿ ಏಳು ತಿಂಗಳು.
ಏಳು ತಿಂಗಳು ಚರ್ಚಿನ ಗಂಟಿ ಮನ್ಯಾಗ ಕೂತೇ ಕೇಳಿದೆ.
ಹೊಲಿಗಿ ಮಷೀನು ತುಳಿದು ತುಳಿದು
ಹಾಡಿನ ಸದ್ದು ಮುಚ್ಚಿದೆ.
ಐತವಾರ ಹೊಲೀಬಾರದು ಅಂತ ನನಗ ಗೊತ್ತಿಲ್ಲೇನು?
ಬಾಜೂ ಮನಿ ಸಮಾಧಾನಮ್ಮ (ಹೆಸರು ಅಷ್ಟ)
ಗ್ವಾಡಿ ಮ್ಯಾಲಿಂದ ಕೇಳತಿದ್ದಳು:
"ಕೂಸಿನ ಮಾರಿ ಯಾರ ಹಾಂಗ ಅದ?"

ದೀಕ್ಷಾಸ್ನಾನ ಮಾಡಿಸೋಣು ಅಂದಳು ಮಗಳು.
ಪಾಸ್ಟರು ಎಲ್ಲರೆದುರು ಹೆಸರು ಕೇಳತಾರ:
ಕೂಸಿಂದು, ತಾಯಿಂದು, ಆಮ್ಯಾಲ ತಂದಿದು.
ಆ ಮೂರನೇದು ನೆನಸಿಕೊಂಡರ
ನನ್ನ ನಾಲಿಗಿ ಅಂಗಳಕ್ಕ ಹತ್ತತಿತ್ತು.

ಆ ರಾತ್ರಿ ಕರೆಂಟ್ ಇರಲಿಲ್ಲ. ಮಾಳಗಿ ಮ್ಯಾಲ ಮಲಗಿದ್ವಿ.
ಮಣ್ಣಿನ ಮಾಳಗಿ, ನಮ್ಮಪ್ಪ ಕಟ್ಟಿಸಿದ್ದು,
ನಡುವ ಬೆಳಕಿಂಡಿ, ಬಾಜೂಕ ಮಳಿಗಾಲದಾಗ ಮುಚ್ಚೋ ಕಲ್ಲು.
ಬಗ್ಗಿ ನೋಡಿದೆ. ಕೆಳಗ ಕತ್ತಲಿ.
ಅವಾಗ ನೆನಪಾತು:
ಕಪೆರ್ನೌಮಿನಾಗೂ ಇಂಥಾದ್ದೇ ಮಾಳಗಿ ಇದ್ದಿರಬೇಕು.
ಒಳಗ ಆತ ಕೂತಾನ, ಬಾಗಿಲ ತನಕ ಗದ್ದಲ.
ಕೈಕಾಲು ಬಿದ್ದವನನ್ನ ಹೊತ್ತು
ಬಂದವರು ಎಷ್ಟು ಮಂದಿ?
ನಾಲ್ಕು.
ಸಣ್ಣಾಕಿ ಇದ್ದಾಗಿಂದ ಕೇಳಿದ ಕಥಿ.
ಎಣಿಸಿರಲಿಲ್ಲ ನಾ.

ಅವರು ಯಾರನ್ನ ಕೇಳಿದರು?
ಮನಿ ಮಾಲಕ ಒದರಿರಬೇಕು.
ಮಣ್ಣು ಉದುರಿ ದೊಡ್ಡವರ ರುಮಾಲಿನಾಗ ಬಿದ್ದಿರಬೇಕು.
ಮರ್ಯಾದಿ ಇಲ್ಲೇನು ಇವಕ್ಕ? ಅಂದಿರಬೇಕು ಯಾರೋ.
ಹಗ್ಗ ಹಿಡಿದವರಿಗೆ
ಕಿವಿ ಮುಚ್ಚಿಕೊಳ್ಳಲಾಕ ಕೈ ಎಲ್ಲಿ?

ನನ್ನ ಆಯುಷ್ಯ ಆಳಿದ ಆ ಬ್ಯಾರೆ ನಾಲ್ಕು ಮಂದಿ ಯಾರು?
ಚುಕ್ಕಿ ಕೆಳಗ ಕೂತು ಬೆರಳು ಮಡಚಿದೆ.
ಸಮಾಧಾನಮ್ಮ ಒಬ್ಬಾಕಿ.
ಕಮಿಟಿಯ ರತ್ನಪ್ಪ.
ಮೂರನೇದಾಕಿ ನಮ್ಮವ್ವ, ಸತ್ತು ಒಂಬತ್ತು ವರ್ಷ.
ನಾಲ್ಕನೇ ಬೆರಳು ಬಹಳ ಹೊತ್ತು ಹಂಗೇ ನಿಂತಿತ್ತು.
ಅದು ನಾನು.

ಐತವಾರ ಹೋದ್ವಿ.
ಮುಂದಿನ ಸಾಲಿನಾಗ ಕೂತ್ವಿ ಅಂದರ ಸುಳ್ಳು,
ಕಂಬದ ಹಿಂದ ಕೂತ್ವಿ.
ಅಂಜಿಕಿ ಹೋಗಿರಲಿಲ್ಲ.
ಅದೂ ನಮ್ಮ ಜೋಡಿ ಬಂದು, ಚಪ್ಪಲಿ ಹೊರಗ ಬಿಟ್ಟು,
ನನ್ನ ಬಾಜೂಕೇ ಕೂತಿತ್ತು.

ಕೂಸಿನ ಹೆಸರು?
ನಿರೀಕ್ಷಾ.
ತಾಯಿ?
ಸುವಾರ್ತಾ.
ಪಾಸ್ಟರು ಪುಸ್ತಕದಾಗಿಂದ ತಲಿ ಎತ್ತಿದರು.
ಪಂಖಾ ತಿರುಗೋ ಸದ್ದು.
ನಾ ಎದ್ದೆ. ಮೊಣಕಾಲು ಒಲ್ಲೆ ಅಂದವು, ಆದರೂ ಎದ್ದೆ.
"ಹೊತ್ತು ತಂದಾಕಿ ನಾನ್ರಿ," ಅಂದೆ,
"ಅಜ್ಜಿ. ದೀನಮ್ಮ. ಬರಕೋರಿ."

ಮಂದಿ ಅಂದರು. ಅನ್ನದೆ ಬಿಡತಾರೇನು?
ಅಂದದ್ದು ಬೆಂಚಿನಿಂದ ಬೆಂಚಿಗೆ ಹೋಗಿ
ಹೊರಗ ಬೇವಿನ ಗಿಡದಾಗ ಕೂತಿತು.
ಮಾಳಗಿ ಬೀಳಲಿಲ್ಲ.
ನೀರು ತಾಗಿ ಕೂಸು ಸೀನಿತು.
ಸುವಾರ್ತಾ ನಕ್ಕಳು, ಸದ್ದು ಮಾಡಿ.

ನಾ ಮೊದಲ ಆಕಿ ಮಾರಿ ನೋಡಿದೆ.