ನಾಲ್ಕು ಗಂಟೆಯ ತಟ್ಟೆ

ಕುತೈಸಿಯ ಹಳೆ ಸೇತುವೆ ದಾಟಿ ಎಡಕ್ಕೆ
ಹೊಗೆ ಕುಡಿದು ಕಪ್ಪಾದ ಗೋಡೆ, ಅದೇ ಅಪ್ಪನ ಅಂಗಡಿ.
ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಾಗಿ
ಸುಡುವ ಗೋಡೆಗೆ ಹಿಟ್ಟು ಬಡಿಯುತ್ತಾನೆ,
ದೋಣಿಯಂಥ ರೊಟ್ಟಿ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ.
ನಲವತ್ತು ವರ್ಷದಿಂದ ಅವನ ಹುಬ್ಬು
ಪೂರ್ತಿ ಬೆಳೆದದ್ದೇ ಇಲ್ಲ.

ನಾನು ತ್ಸಿಯೂರಿ, ಬಾದ್ರಿಯ ಮಗಳು,
ನದಿಯಾಚೆ ಶಿಶುವಿಹಾರದಲ್ಲಿ ಅಡುಗೆಯವಳು.
ಇಪ್ಪತ್ತಾರು ಮಕ್ಕಳು, ಐವತ್ತೆರಡು ಜೇಬು.
ನಾಲ್ಕಕ್ಕೆ ನಿದ್ದೆಯಿಂದೆದ್ದು
ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಮೇಜಿಗೆ ಬರುತ್ತವೆ.
ಹನ್ನೊಂದು ವರ್ಷ ಕೊಟ್ಟದ್ದು
ಬನ್ನು, ಬಿಸ್ಕತ್ತು, ರೊಟ್ಟಿಯ ಮೇಲೆ ಜಾಮು.

ಈ ಸಲ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ
ಮೇಲ್ವಿಚಾರಕಿ ಮಕ್ವಾಲಾ ಕರೆದು ಅಂದಳು:
ಬೆಳಗ್ಗೆ ಗಂಜಿ, ಮಧ್ಯಾಹ್ನ ರೊಟ್ಟಿ,
ಸಂಜೆಗೂ ಹಿಟ್ಟೇ ಆದರೆ ಹೇಗೆ?
ಸಂಜೆಯದ್ದನ್ನು ಕೊಂಚ ಸಡಿಲಿಸು.

ಅಪ್ಪನಿಗೆ ಹೇಳಿದೆ.
'ಹೊಟ್ಟೆಗೆ ಹಿಟ್ಟು ಬೇಡವೇನು ಆ ಕೂಸುಗಳಿಗೆ?'
ಅಷ್ಟೇ. ಆಮೇಲೆ ವಾರವಿಡೀ ಮಾತಿಲ್ಲ.
ರೊಟ್ಟಿ ಸುತ್ತುವಾಗ
ಕಾಗದವನ್ನು ಮಾತ್ರ ಜೋರಾಗಿ ಮಡಚುತ್ತಿದ್ದ.

ಮೊದಲ ದಿನ ಬೀಟ್ರೂಟು ಬೇಯಿಸಿ,
ಅಕ್ರೋಟು ನುಣ್ಣಗೆ ಅರೆದು, ಕಲಸಿ ಉಂಡೆ ಕಟ್ಟಿ
ಮೇಲೊಂದು ದಾಳಿಂಬೆ ಕಾಳು ಇಟ್ಟೆ.
ನುತ್ಸಾ ಎಲ್ಲರ ತಟ್ಟೆಯಿಂದ ದಾಳಿಂಬೆ ಹೆಕ್ಕಿದಳು.
ಉಚಾ ಉಂಡೆಯನ್ನು ಕಿಟಕಿಗೆ ಒರೆಸಿದ,
ಆ ಕೆಂಪು ಇನ್ನೂ ಹೋಗಿಲ್ಲ,
ಮಧ್ಯಾಹ್ನದ ಬಿಸಿಲು ಅದರ ಮೂಲಕವೇ ಬರುತ್ತದೆ.

ಮೊಟ್ಟೆ ಸೀಳಿಟ್ಟೆ: ಹಳದಿ ತಿಂದು ಬಿಳಿ ಬಿಟ್ಟರು.
ಗಟ್ಟಿ ಮೊಸರಿಗೆ ಪೇರು ತುರಿದೆ: ಪರವಾಗಿಲ್ಲ.
ಸುಲುಗುನಿ ಚೀಸನ್ನು ಎಳೆ ಎಳೆಯಾಗಿ ಬಿಡಿಸಿಕೊಟ್ಟೆ:
ಇಪ್ಪತ್ತಾರು ಮೀಸೆಗಳು ಹುಟ್ಟಿ
ಒಂದೊಂದಾಗಿ ಬಾಯೊಳಗೆ ಮಾಯವಾದವು.
ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಬೇಕು,
ಗಂಟಲು ಸಣ್ಣದು, ಆಸೆ ದೊಡ್ಡದು.
ಇನ್ನೂರು ದ್ರಾಕ್ಷಿಗೆ ಹೆಬ್ಬೆರಳು ಹಿಡಿದುಕೊಳ್ಳುತ್ತದೆ,
ಇದನ್ನು ಮಕ್ವಾಲಾ ಹೇಳಿರಲಿಲ್ಲ.

ನವೆಂಬರಿನಲ್ಲಿ ನಮ್ಮ ಅಡುಗೆಮನೆಯ ಓವನ್ ಕೆಟ್ಟಿತು.
ಕುಂಬಳಕಾಯಿಯೊಂದನ್ನು ಕಂಕುಳಲ್ಲಿ ಅವುಚಿ
ಅಪ್ಪನ ಅಂಗಡಿಗೆ ಹೋದೆ.
ಮಧ್ಯಾಹ್ನ ಒಂದು ಗಂಟೆ, ರೊಟ್ಟಿ ಮುಗಿದಿತ್ತು,
ಒಲೆ ತನ್ನಷ್ಟಕ್ಕೆ ತಾನು ತಣಿಯುತ್ತಿತ್ತು.
ಕರೆಯದೆ ಬಂದ ನೆಂಟನನ್ನು ನೋಡುವಂತೆ
ಕುಂಬಳವನ್ನು ನೋಡಿದ.
ಏನೂ ಅನ್ನದೆ ಕೊಕ್ಕೆಗೆ ಸಿಕ್ಕಿಸಿ ಇಳಿಸಿದ.
ಇದ್ದಿಲಾಗಿ ಮೇಲೆ ಬಂತು.

'ಇದಕ್ಕೆ ಹಿಟ್ಟಿನ ಅವಸರವಿಲ್ಲ' ಅಂದ,
ವಾರಗಳಾದ ಮೇಲೆ ಮೊದಲ ಮಾತು,
ಅದೂ ನನಗಲ್ಲ, ಒಲೆಗೆ.

ಮರುದಿನ ಹೋದರೆ ತಟ್ಟೆಯ ಮೇಲೆ
ಬೂದಿ ಬಳಿದುಕೊಂಡ ಒಂದು ಕುಂಬಳ,
ಎರಡು ಬೀಟ್ರೂಟು, ನಾನು ಕೇಳದ ಐದು ಸೇಬು.
ಕಾಗದವನ್ನು ಮೆಲ್ಲಗೆ ಮಡಚಿದ.

ಸಂಜೆ ಕುಂಬಳದ ಹೋಳು ಎಲ್ಲರ ಮುಂದೆ.
ಉಚಾ ತಿಂದ. ಬೆರಳು ನೆಕ್ಕಿದ. ಕಿಟಕಿಯತ್ತ ನೋಡಿದ.
ಆಮೇಲೆ ಕೇಳಿದ: 'ರೊಟ್ಟಿ ಎಲ್ಲಿ?'

ನಾನು ಬಾದ್ರಿಯ ಮಗಳಲ್ಲವೇ,
ಏಪ್ರನ್ನಿನೊಳಗೆ ಒಂದು ತುದಿ ಇರುತ್ತದೆ ಯಾವಾಗಲೂ.
ಹೆಬ್ಬೆರಳಿನಷ್ಟು ಮುರಿದುಕೊಟ್ಟೆ.
ಕಡಿಮೆ ಅಂದಿದ್ದಳು ಮಕ್ವಾಲಾ, ಇಲ್ಲವೇ ಇಲ್ಲ ಅಂದಿರಲಿಲ್ಲ.
ಅವನು ಅದರಿಂದ ತಟ್ಟೆಯ ಕುಂಬಳವನ್ನೆಲ್ಲ ಬಳಿದು ತಿಂದು
ರೊಟ್ಟಿಯನ್ನು ಮಾತ್ರ
ಜೇಬಿಗೆ ಹಾಕಿಕೊಂಡ.